ಬೈಕ್ ಹೆಲ್ಮೆಟ್ ಕಾರ್ ರೇಸಿಗೆ ನಡೆಯುತ್ತಾ? ಗದಗಿನಿಂದ ಒಂದು ಪ್ರಶ್ನೆ

ವೈಂಡಿಂಗ್ ಅಂಗಡಿ, ಗದಗ:

ಎಲ್ಲರಿಗೂ ನಮಸ್ಕಾರ. ಗದಗಿನಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಪಂಪು, ಹಿಟ್ಟಿನ ಗಿರಣಿ ಮೋಟರು, ಸುಟ್ಟಿದ್ದೆಲ್ಲ ನನ್ನ ಹತ್ತಿರ ಬರುತ್ತದೆ. ವಯಸ್ಸು 37. ಹೋದ ವರ್ಷ ಒಂದು ಹುಚ್ಚು ಕೆಲಸ ಮಾಡಿದೆ. ಕೊಯಮತ್ತೂರಿನಿಂದ ಒಂದು 2004ರ ಮಾರುತಿ ಎಸ್ಟೀಮ್ ಕಾರು ತಂದೆ. ರೇಸಿಗೆ ಅಂತಲೇ ತಯಾರು ಮಾಡಿದ್ದ ಗಾಡಿ. ಹಿಂದಿನ ಸೀಟಿಲ್ಲ, ಒಳಗೆಲ್ಲ ರೋಲ್ ಕೇಜ್ (ಗಾಡಿ ಮಗುಚಿದರೆ ಒಳಗಿದ್ದವರನ್ನು ಕಾಯುವ ಪೈಪಿನ ಚೌಕಟ್ಟು), ಒಂದು ಬಕೆಟ್ ಸೀಟು, ನಾಲ್ಕು ಪಟ್ಟಿಯ ಬೆಲ್ಟು. ಲಾರಿಯಿಂದ ಇಳಿಸಿದಾಗ ಅವ್ವ ಒಂದು ಸುತ್ತು ಹಾಕಿ ನೋಡಿ, "ಇದೇನೋ, ಗಿಳಿ ಪಂಜರ ಇದ್ದಂಗೈತಿ" ಅಂದಳು.

ಕಳೆದ ತಿಂಗಳು ಕಪ್ಪತಗುಡ್ಡದ ಗಾಳಿಗಿರಣಿ ಕಾಣುವ ಬಯಲಿನಲ್ಲಿ ಒಂದು ಆಟೊಕ್ರಾಸ್, ಅಂದರೆ ಮಣ್ಣಿನ ಬಯಲಿನಲ್ಲಿ ಓಡಿಸುವ ಕಾರ್ ರೇಸ್ ಇತ್ತು. ಎರೆ ಹೊಲ, ಒಣಗಿ ಬಿರಿದಿತ್ತು. ನಾನು ದಿನಾ ಬೈಕಿಗೆ ಹಾಕುವ ಐಎಸ್‌ಐ ಹೆಲ್ಮೆಟ್ಟನ್ನೇ ಹಾಕಿಕೊಂಡು ಹೋಗಿದ್ದೆ. ಸ್ಕ್ರೂಟಿನಿಗೆ, ಅಂದರೆ ರೇಸಿನ ಮುಂಚಿನ ತಪಾಸಣೆಗೆ ನಿಂತವರು ಹೆಲ್ಮೆಟ್ ಇದೆಯಾ ಅಂದರು, ಇದೆ ಅಂದೆ, ಮುಗಿಯಿತು. ಎರಡನೇ ಸುತ್ತಿನಲ್ಲಿ ಹೊಲದ ಒಡ್ಡು ಹತ್ತಿ ಗಾಡಿ ಎಗರಿತು. ತಲೆ ಹೋಗಿ ಬಲಗಡೆಯ ಕೇಜ್ ಪೈಪಿಗೆ ಬಡಿಯಿತು, ಕಿವಿಯಿಂದ ನಾಲ್ಕು ಬೆರಳು ಮೇಲೆ. ಹಿತ್ತಾಳೆ ಕೊಡಕ್ಕೆ ಸೌಟಿನಿಂದ ಹೊಡೆದ ಹಾಗೆ ಶಬ್ದ. ಸಂಜೆವರೆಗೂ ತಲೆ ಗುಂಯ್ ಅನ್ನುತ್ತಿತ್ತು. ಮನೆಯಲ್ಲಿ ಹೇಳಿಲ್ಲ. ಇಲ್ಲಿ ಹೇಳುತ್ತಿದ್ದೇನೆ, ಯಾಕೆಂದರೆ ಅವ್ವ ಇದನ್ನು ಓದುವುದಿಲ್ಲ.

ಈಗ ಕೇಳಬೇಕಾದದ್ದು. ಹೆಲ್ಮೆಟ್ ಹೊರಗಡೆ ಬರೀ ಒಂದು ಗೀರು ಬಿದ್ದಿದೆ. ಅದನ್ನೇ ಮುಂದುವರಿಸಬಹುದಾ? ಇನ್ನು ಮೂರು ತಿಂಗಳಿಗೆ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ಒಂದು ಟ್ರ್ಯಾಕ್ ಡೇಗೆ (ನಮ್ಮ ಗಾಡಿಯನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನ) ಹೋಗುವ ಆಸೆ ಇದೆ. ಕಾರ್ ರೇಸಿನ ಹೆಲ್ಮೆಟ್ ಬೇರೆಯೇ ಇರುತ್ತದೆ ಅನ್ನುತ್ತಾರೆ. ರೇಟು ನೋಡಿದರೆ ಎದೆ ಝಲ್ ಅನ್ನುತ್ತದೆ. ಅದರಲ್ಲಿ ಅಂಥದ್ದೇನಿದೆ? ಹುಬ್ಬಳ್ಳಿಯ ಪರಿಚಯದವರೊಬ್ಬರು "ಎಸ್‌ಎ 2010" ಅಂತ ಚೀಟಿ ಇರುವ ಹಳೇ ಹೆಲ್ಮೆಟ್ಟನ್ನು ಆರು ಸಾವಿರಕ್ಕೆ ಕೊಡುತ್ತೇನೆ ಅಂದಿದ್ದಾರೆ. ತೆಗೆದುಕೊಳ್ಳಲಾ? ನನಗೆ ಕನ್ನಡಕ ಬೇರೆ ಇದೆ. ಬಜೆಟ್ ಮೂವತ್ತು ಸಾವಿರ, ಅದೂ ಉಗುರು ಕಚ್ಚಿಕೊಂಡು.

ವಿದ್ಯಾನಗರದ ಹುಡುಗ:

ಅಣ್ಣಾ, ಮೊದಲು ಡಾಕ್ಟರಿಗೆ ತೋರಿಸಿದಿರಾ? ಗುಂಯ್ ಅನ್ನುವುದನ್ನು ಸುಮ್ನೆ ಬಿಡಬೇಡಿ.

ನಾನು ಕಾಲೇಜಿನಲ್ಲಿ ಫಾರ್ಮುಲಾ ಕಾರ್ ಕಟ್ಟುವ ತಂಡದಲ್ಲಿದ್ದೆ. ಫಾರ್ಮುಲಾ ಭಾರತ್ ಅನ್ನುವ ಕಾಲೇಜು ತಂಡಗಳ ಸ್ಪರ್ಧೆಗೆ ಅಂತ ಅದೇ ಕರಿ ಟ್ರ್ಯಾಕಿಗೆ ಹೋಗಿದ್ದೆವು. ಅಲ್ಲಿ ನಮ್ಮ ಹೆಲ್ಮೆಟ್ಟಿನ ಒಳಗಿನ ಬಟ್ಟೆ ಎತ್ತಿ, ಟಾರ್ಚ್ ಹಾಕಿ ಚೀಟಿ ಓದಿದರು. ಹೊರಗಡೆ ಅಂಟಿಸಿದ ಸ್ಟಿಕರ್ ಲೆಕ್ಕಕ್ಕಿಲ್ಲ. ನೀವು ಹೋಗುವ ಟ್ರ್ಯಾಕ್ ಡೇಯವರಿಗೆ ಫೋನ್ ಮಾಡಿ, ಯಾವ ಯಾವ ಚೀಟಿ ನಡೆಯುತ್ತದೆ ಎಂದು ಮೊದಲೇ ಕೇಳಿಬಿಡಿ. ಒಬ್ಬೊಬ್ಬರ ನಿಯಮ ಒಂದೊಂದು. ಹೆಲ್ಮೆಟ್ ಕೊಂಡ ಮೇಲೆ ಕೇಳಿದರೆ ಹೊಟ್ಟೆ ಉರಿಯುತ್ತದೆ.

ಗೋಕುಲ ರೋಡ್ ಹಳೇ ಮಿಸ್ತ್ರಿ:

ತಮ್ಮಾ, ನಿನ್ನ ಮೊದಲ ಪ್ರಶ್ನೆಗೆ ನಿನ್ನ ಅಂಗಡಿಯಲ್ಲೇ ಉತ್ತರ ಇದೆ. ಮೋಟರಿನ ಹೊರಗಿನ ಬಣ್ಣ ಹೊಳೆಯುತ್ತಿದೆ ಅಂತ ಒಳಗಿನ ಕಾಯಿಲ್ ಸುಟ್ಟಿಲ್ಲ ಅಂತ ಯಾರಾದರೂ ಹೇಳಿದರೆ ನೀನು ಒಪ್ಪುತ್ತೀಯಾ? ಹೆಲ್ಮೆಟ್ಟೂ ಅಷ್ಟೇ. ಹೊರಗಿನ ಚಿಪ್ಪು ಏಟನ್ನು ಹರಡುತ್ತದೆ. ಏಟು ತಿನ್ನುವುದು ಒಳಗಿನ ಥರ್ಮಾಕೋಲ್. ಅದು ಒಮ್ಮೆ ಜಜ್ಜಿದರೆ ಮತ್ತೆ ಉಬ್ಬುವುದಿಲ್ಲ. ಅದೇ ಜಾಗಕ್ಕೆ ಎರಡನೇ ಏಟು ಬಿದ್ದರೆ ಅದು ನೇರ ತಲೆಗೆ. ಹಾಗಾಗಿ ಆ ಹೆಲ್ಮೆಟ್ ಮುಗಿಯಿತು. ಬೈಕಿಗೂ ಹಾಕಬೇಡ.

ಇದೇ ಕಾರಣಕ್ಕೆ ಆರು ಸಾವಿರದ ಸೆಕೆಂಡ್ ಹ್ಯಾಂಡ್ ಮಾಲೂ ಬೇಡ. ಅದು ಎಷ್ಟು ಸಲ ಬಿದ್ದಿದೆಯೋ ಕೊಡುವವರಿಗೇ ಗೊತ್ತಿರುವುದಿಲ್ಲ. ಮೇಲಾಗಿ 2010ರ ಚೀಟಿ. ಆ ಚೀಟಿ ಕೊಡುವುದು ಸ್ನೆಲ್ ಅನ್ನುವ, ಹೆಲ್ಮೆಟ್ ಪರೀಕ್ಷಿಸುವ ಅಮೆರಿಕದ ಸಂಸ್ಥೆ. ಅವರು ಸುಮಾರು ಐದು ವರ್ಷಕ್ಕೊಮ್ಮೆ ತಮ್ಮ ಪರೀಕ್ಷೆ ಬದಲಿಸುತ್ತಾರೆ. 2010, 2015, 2020, ಈಗ 2025. ಹೆಲ್ಮೆಟ್ಟನ್ನೂ ಐದು ವರ್ಷಕ್ಕೆ ಬದಲಿಸಿ ಅಂತಲೇ ಅವರು ಹೇಳುವುದು. ಬೆವರು, ಬಿಸಿಲು, ಕೂದಲೆಣ್ಣೆ, ಎಲ್ಲ ಸೇರಿ ಒಳಗಿನದ್ದನ್ನು ತಿನ್ನುತ್ತವೆ. ನಮ್ಮ ಕಡೆ ಎಣ್ಣೆ ಜಾಸ್ತಿ ಬೇರೆ ಹಚ್ಚುತ್ತೇವೆ. ಅಂದಹಾಗೆ ಸ್ನೆಲ್ ಅನ್ನುವುದು ಒಬ್ಬ ರೇಸ್ ಚಾಲಕನ ಹೆಸರು. 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವನ ಗಾಡಿ ಮಗುಚಿತು. ತಲೆಯ ಮೇಲೆ ಹೆಲ್ಮೆಟ್ ಇತ್ತು, ಆದರೂ ಉಳಿಯಲಿಲ್ಲ. ಅವನ ಜೊತೆಯವರು ಮರುವರ್ಷ ಆ ಸಂಸ್ಥೆ ಕಟ್ಟಿದರು.

ಈಗ ಕಾರಿನ ಹೆಲ್ಮೆಟ್ಟಿಗೆ ಬರೋಣ. ಸ್ನೆಲ್‌ನಲ್ಲಿ "ಎಂ" ಅಂದರೆ ಬೈಕಿಗೆ, "ಎಸ್‌ಎ" ಅಂದರೆ ಕಾರಿಗೆ, "ಕೆ" ಅಂದರೆ ಗೋ-ಕಾರ್ಟಿಗೆ. ಬೈಕಿನವನು ಬಿದ್ದರೆ ರಸ್ತೆಗೆ ಬಡಿಯುತ್ತಾನೆ, ಜಾರಿಕೊಂಡು ಹೋಗುತ್ತಾನೆ. ಕಾರಿನಲ್ಲಿ ಹಾಗಲ್ಲ. ನೀನು ಪಂಜರದೊಳಗೆ ಕಟ್ಟಿಹಾಕಿಕೊಂಡು ಕೂತಿರುತ್ತೀಯ. ಗಾಡಿ ಮಗುಚಿದರೆ ತಲೆ ಅದೇ ಪೈಪಿಗೆ ಮತ್ತೆ ಮತ್ತೆ ಬಡಿಯುತ್ತದೆ. ಅದಕ್ಕೇ ಎಸ್‌ಎ ಹೆಲ್ಮೆಟ್ಟಿಗೆ ರೋಲ್ ಬಾರಿನ (ಕೇಜಿನ ಪೈಪಿನ) ಏಟಿನ ಪರೀಕ್ಷೆಯೇ ಬೇರೆ ಇದೆ. ಬೈಕಿನದಕ್ಕೆ ಇಲ್ಲ.

ಎರಡನೆಯದು ಬೆಂಕಿ. ಎಸ್‌ಎ ಹೆಲ್ಮೆಟ್ಟಿನ ಚಿಪ್ಪು, ಒಳಬಟ್ಟೆ, ಗದ್ದದ ಪಟ್ಟಿ ಎಲ್ಲಕ್ಕೂ ಬೆಂಕಿ ತಾಗಿಸಿ ನೋಡುತ್ತಾರೆ. ಒಳಬಟ್ಟೆ ಸಾಮಾನ್ಯವಾಗಿ ನೋಮೆಕ್ಸ್ ಅನ್ನುವ, ಬೆಂಕಿ ತಡೆಯುವ ಬಟ್ಟೆ. ನಿನಗೆ ಇದನ್ನು ಬಿಡಿಸಿ ಹೇಳಬೇಕಾ? ನೀನು ಮೋಟರಿನ ಸ್ಲಾಟಿನೊಳಗೆ ಹಾಕುವ ನೋಮೆಕ್ಸ್ ಪೇಪರಿನ ಜಾತಿಯದ್ದೇ. ಬೈಕ್ ಹೆಲ್ಮೆಟ್ಟಿನ ಒಳಗಿರುವುದು ಸಾದಾ ಪಾಲಿಯೆಸ್ಟರ್. ಕರಗಿ ಚರ್ಮಕ್ಕೆ ಅಂಟುತ್ತದೆ. "ಕೆ" ಹೆಲ್ಮೆಟ್ಟಿಗೂ ಬೆಂಕಿಯ ಪರೀಕ್ಷೆ ಇಲ್ಲ, ಅಗ್ಗ ಅಂತ ಅದಕ್ಕೆ ಕೈ ಹಾಕಬೇಡ. 2020ರಲ್ಲಿ ಬಹ್ರೇನ್‌ನಲ್ಲಿ ಫಾರ್ಮುಲಾ ಒನ್ ಚಾಲಕ ಗ್ರೋಜಾನ್ ಗಾಡಿ ಎರಡು ತುಂಡಾಗಿ ಹೊತ್ತಿಕೊಂಡಿದ್ದನ್ನು ನೋಡಿರುತ್ತೀಯ. 27–28 ಸೆಕೆಂಡ್ ಬೆಂಕಿಯೊಳಗಿದ್ದು ತಾನೇ ಎದ್ದು ಬಂದ. ನಿನ್ನ ಇಪ್ಪತ್ತು ವರ್ಷದ ಎಸ್ಟೀಮಿನ ಪೆಟ್ರೋಲ್ ಪೈಪು ಎಷ್ಟು ಹಳೆಯದು ಅಂತ ನನಗಿಂತ ನಿನಗೇ ಗೊತ್ತು.

ಮೂರನೆಯದು ಕುತ್ತಿಗೆ. 2015ರಿಂದ ಈಚೆಗಿನ ಎಸ್‌ಎ ಹೆಲ್ಮೆಟ್ಟಿನ ಎರಡೂ ಬದಿಗೆ ಎಂ6 ನಟ್ಟು ಕಂಪನಿಯಲ್ಲೇ ಕೂರಿಸಿ ಬರುತ್ತದೆ. ಹ್ಯಾನ್ಸ್ ಅಂದರೆ ಹೆಗಲ ಮೇಲೆ ಕೂತು ತಲೆ ಮುಂದಕ್ಕೆ ಎಗರದಂತೆ ಹಿಡಿಯುವ ಸಾಧನ, ಅದರ ಪಟ್ಟಿ ಅಲ್ಲಿ ಸಿಕ್ಕಿಸುವುದು. ಎದುರಿಗೆ ಗುದ್ದಿದಾಗ ಬೆಲ್ಟು ಎದೆಯನ್ನು ಹಿಡಿದುಕೊಳ್ಳುತ್ತದೆ, ತಲೆ ಮಾತ್ರ ಹೆಲ್ಮೆಟ್ ಭಾರ ಹೊತ್ತು ಮುಂದೆ ಹೋಗುತ್ತದೆ. ತಲೆಬುರುಡೆಯ ಬುಡ ಮುರಿಯುವುದು ಹೀಗೆ. 2001ರಲ್ಲಿ ಅಮೆರಿಕದ ರೇಸ್ ಚಾಲಕ ಡೇಲ್ ಅರ್ನ್‌ಹಾರ್ಟ್ ಹೋಗಿದ್ದು ಹೀಗೇ. ಫಾರ್ಮುಲಾ ಒನ್‌ನಲ್ಲಿ 2003ರಿಂದ ಹ್ಯಾನ್ಸ್ ಕಡ್ಡಾಯ. ಈಗಲೇ ಕೊಳ್ಳಲು ಆಗದಿದ್ದರೂ ನಟ್ಟಿರುವ ಹೆಲ್ಮೆಟ್ಟನ್ನೇ ತೆಗೆದುಕೋ. ಆಮೇಲೆ ಡ್ರಿಲ್ ಹಿಡಿದು ತೂತು ಹೊಡೆಯಲು ಹೋಗಬೇಡ. ನಿನ್ನ ಕೈಯಲ್ಲಿ ಡ್ರಿಲ್ ಇರುತ್ತದೆ, ಅದಕ್ಕೇ ಹೇಳಿದೆ.

ನಾನು ಹುಡುಗನಾಗಿದ್ದಾಗ ಮದ್ರಾಸ್ ಹತ್ತಿರದ ಶೋಲಾವರಂ ವಿಮಾನ ಪಟ್ಟಿಯಲ್ಲಿ ರೇಸ್ ನಡೆಯುತ್ತಿತ್ತು. ಪಾನಾ ಹಿಡಿಯುವ ಕೆಲಸಕ್ಕೆ ಎರಡು ಸಲ ಹೋಗಿದ್ದೆ. ಅಲ್ಲಿ ಕಂಡ ಕೆಲವು ಹೆಲ್ಮೆಟ್‌ಗಳನ್ನು ನೆನೆಸಿಕೊಂಡರೆ ಈಗ ನಗು ಬರುತ್ತದೆ, ಆಮೇಲೆ ನಗು ನಿಂತುಹೋಗುತ್ತದೆ.

ಇನ್ನೊಂದು ಮಾತು. ನಿನ್ನ ತಲೆ ಬಡಿದ ಪೈಪಿನ ಮೇಲೆ ಏನಿತ್ತು?

ವೈಂಡಿಂಗ್ ಅಂಗಡಿ, ಗದಗ:

ಕಾಕಾ, ತುಂಬಾ ಉಪಕಾರವಾಯಿತು. ಪೈಪಿನ ಮೇಲೆ ಎಸಿ ಪೈಪಿಗೆ ಸುತ್ತುವ ಕಪ್ಪು ಸ್ಪಂಜು ಇತ್ತು. ನಾನೇ ಸುತ್ತಿದ್ದು.

ಗೋಕುಲ ರೋಡ್ ಹಳೇ ಮಿಸ್ತ್ರಿ:

ಅಂದುಕೊಂಡೆ. ಅದು ತಣ್ಣೀರಿನ ಪೈಪಿಗೆ ಸ್ವೆಟರು. ಬೆರಳಲ್ಲಿ ಒತ್ತಿದರೆ ಕಬ್ಬಿಣ ಸಿಗುತ್ತದೆ ಅಂದರೆ ತಲೆಗೂ ಕಬ್ಬಿಣವೇ ಸಿಗುತ್ತದೆ. ರೋಲ್ ಕೇಜಿಗೆ ಅಂತಲೇ ಗಟ್ಟಿ ಫೋಮ್ ಬರುತ್ತದೆ, ಅದರ ಮೇಲೆ ಎಫ್‌ಐಎ 8857 ಅಥವಾ ಎಸ್‌ಎಫ್‌ಐ 45.1 ಅಂತ ಸುರಕ್ಷತೆಯ ಗುಣಮಟ್ಟದ ನಂಬರ್ ಬರೆದಿರುತ್ತದೆ. ತಲೆ ತಾಗುವ ಜಾಗಕ್ಕಷ್ಟೇ ಹಾಕಿದರೂ ಸಾಕು. ಹೆಲ್ಮೆಟ್ ಬರುವ ಮೊದಲೇ ಅದನ್ನು ಹಾಕು. ಸೀಟನ್ನು ಒಂದು ತೂತು ಕೆಳಗೆ ಇಳಿಸಲು ಬರುತ್ತದೆಯಾ, ಅದನ್ನೂ ನೋಡು. ಬೆಲ್ಟಿನ ಮೇಲೆ ತಾರೀಖು ಇರುತ್ತದೆ, ಅದನ್ನೂ ಓದು.

ಸಾಧನಕೇರಿ ಚಾಳೀಸು:

ಅಣ್ಣಾ, ಧಾರವಾಡದಲ್ಲಿ ನನ್ನದು ಕನ್ನಡಕದ ಅಂಗಡಿ, ಅದಕ್ಕೇ ಈ ಹೆಸರು. ನಾನೂ ಕನ್ನಡಕ ಹಾಕಿಕೊಂಡೇ ಆಟೊಕ್ರಾಸ್ ಓಡಿಸಿದ್ದೇನೆ.

ಎಸ್‌ಎ ಹೆಲ್ಮೆಟ್ಟಿನ ಕಣ್ಣಿನ ಕಿಂಡಿ ಬೈಕಿನದಕ್ಕಿಂತ ಚಿಕ್ಕದಿರುತ್ತದೆ. ಕಿವಿಯ ಹಿಂದೆ ಬಾಗುವ ಕಡ್ಡಿ ಇದ್ದರೆ ಒಳಗೆ ಹೋಗುವುದೇ ಇಲ್ಲ. ನೇರವಾದ, ತೆಳ್ಳಗಿನ ಕಡ್ಡಿಯ ಫ್ರೇಮ್ ಒಂದನ್ನು ರೇಸಿಗೆ ಅಂತಲೇ ಇಟ್ಟುಕೊಳ್ಳಿ. ಗಾಜು ಬೇಡ, ಪಾಲಿಕಾರ್ಬೊನೇಟ್ ಹಾಕಿಸಿ. ಹೆಲ್ಮೆಟ್ ನೋಡಲು ಹೋದಾಗ ಅದನ್ನೇ ತೆಗೆದುಕೊಂಡು ಹೋಗಿ, ಜೊತೆಗೆ ಬಾಲಕ್ಲಾವಾ (ಹೆಲ್ಮೆಟ್ಟಿನ ಒಳಗೆ ತಲೆ, ಮುಖಕ್ಕೆ ಹಾಕುವ ಬಟ್ಟೆಯ ಮುಸುಕು) ಕೂಡ. ಬಾಲಕ್ಲಾವಾ ಇಲ್ಲದೆ ಸರಿಯಾದದ್ದು, ಅದು ಹಾಕಿದ ಮೇಲೆ ಬಿಗಿಯಾಗುವುದುಂಟು.

ಅಳತೆ ಆನ್‌ಲೈನಿನಲ್ಲಿ ಅಂದಾಜು ಮಾಡಬೇಡಿ. ಟೇಲರ್ ಟೇಪನ್ನು ಹುಬ್ಬಿನ ಸ್ವಲ್ಪ ಮೇಲೆ, ಹಿಂದೆ ತಲೆ ಉಬ್ಬಿರುವ ಕಡೆ ಬರುವ ಹಾಗೆ ಸುತ್ತಿ ನೋಡಿ. ಆದರೆ ಸುತ್ತಳತೆ ಒಂದೇ ಇದ್ದರೂ ಒಬ್ಬರದು ದುಂಡು ತಲೆ, ಇನ್ನೊಬ್ಬರದು ಉದ್ದ ತಲೆ. ಬೆಲ್ ಕಂಪನಿಯ ಹೆಲ್ಮೆಟ್ ಕೂತ ತಲೆಗೆ ಅರಾಯ್ ಕಂಪನಿಯದು ಕೂರಬೇಕು ಅಂತಿಲ್ಲ. ಹಾಕಿಕೊಂಡು ಅರ್ಧ ಗಂಟೆ ಅಂಗಡಿಯಲ್ಲೇ ಕೂತುಬಿಡಿ. ಅಂಗಡಿಯವರು ಮುಖ ಸಿಂಡರಿಸಲಿ. ಹಣೆಯ ಒಂದೇ ಜಾಗದಲ್ಲಿ ನೋವು ಶುರುವಾದರೆ ಅದು ನಿಮ್ಮದಲ್ಲ. ಕೆನ್ನೆ ಒತ್ತಿ ಮಾತು ತೊದಲಿದರೆ ಸರಿಯಾಗಿದೆ. ಕೆನ್ನೆಯ ಮೆತ್ತೆ ಆಮೇಲೆ ಸ್ವಲ್ಪ ಸಡಿಲವಾಗುತ್ತದೆ, ಹಣೆಯ ಕಡೆ ಆಗುವುದಿಲ್ಲ. ಪಟ್ಟಿ ಬಿಗಿದು, ಹಿಂದಿನಿಂದ ಕೈ ಹಾಕಿ ಮುಂದಕ್ಕೆ ಉರುಳಿಸಿ ಅಂತ ಜೊತೆಗಿದ್ದವರಿಗೆ ಹೇಳಿ. ಕಳಚಿ ಬಂದರೆ ಬಿಟ್ಟು ಎದ್ದು ಬನ್ನಿ.

ಮತ್ತೆ, ಬಣ್ಣ ಹೊಡೆಸುವ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ. ನನ್ನ ತಮ್ಮ ಹೆಲ್ಮೆಟ್ಟಿಗೆ ಗ್ಯಾರೇಜಿನಲ್ಲಿ ಥಿನ್ನರ್ ಹಾಕಿ ಉಜ್ಜಿಸಿದ. ಥಿನ್ನರ್ ಥರ್ಮಾಕೋಲನ್ನು ಸಕ್ಕರೆ ಹಾಗೆ ಕರಗಿಸುತ್ತದೆ.

ವೈಂಡಿಂಗ್ ಅಂಗಡಿ, ಗದಗ:

ಐದು ವಾರದ ನಂತರ ಬರೆಯುತ್ತಿದ್ದೇನೆ.

ಡಾಕ್ಟರ್ ನೋಡಿದರು, ತೊಂದರೆ ಇಲ್ಲ ಅಂದರು. ಅವ್ವನಿಗೂ ಗೊತ್ತಾಯಿತು, ಹೇಗೋ. "ತಲೆ ಗಟ್ಟಿ ಐತಿ ಅಂತ ಬಂಡಿಗೆ ಹಾಯಬ್ಯಾಡ" ಅಂದು ಎರಡು ದಿನ ಮಾತು ಬಿಟ್ಟಳು.

ಗದಗ, ಹುಬ್ಬಳ್ಳಿ ಎರಡೂ ಕಡೆ ತಿರುಗಿದೆ. ಬೈಕ್ ಹೆಲ್ಮೆಟ್ ಬಿಟ್ಟರೆ ಬೇರೆ ಸಿಗಲಿಲ್ಲ. ಒಂದು ಕಡೆ ಎಸ್‌ಎ ಅಂತ ಕೇಳಿದರೆ ಸೈಜಾ ಅಂದರು. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದೆ. ನನ್ನ ತಲೆ 59 ಸೆಂಟಿಮೀಟರ್, ಸ್ವಲ್ಪ ಉದ್ದ. ಮೊದಲು ಹಾಕಿದ್ದು ಹತ್ತು ನಿಮಿಷಕ್ಕೆ ಹಣೆಗೆ ಮೊಳೆ ಹೊಡೆದ ಹಾಗಾಯಿತು. ಎರಡನೆಯದರಲ್ಲಿ ಕನ್ನಡಕ ಹೋಗಲಿಲ್ಲ. ಮೂರನೆಯದನ್ನು ಹಾಕಿಕೊಂಡು ಅರ್ಧ ಗಂಟೆ ಕೂತೆ. ಅವರು ಚಹಾ ತರಿಸಿದರು, ಕುಡಿಯಲು ಆಗಲಿಲ್ಲ. ಅದನ್ನೇ ತಂದೆ. ಫೈಬರ್‌ಗ್ಲಾಸ್ ಚಿಪ್ಪು, ಎಸ್‌ಎ 2020, ಬದಿಗೆ ನಟ್ಟಿದೆ. ಒಳಗಿನ ಚೀಟಿಯನ್ನು ಅಲ್ಲೇ ಸ್ನೆಲ್‌ನವರ ವೆಬ್‌ಸೈಟಿನ ಪಟ್ಟಿಗೆ ತಾಳೆ ನೋಡಿದೆ. ಕಾರ್ಬನ್ ಚಿಪ್ಪಿನದು ಇನ್ನೂ ಹಗುರ ಇತ್ತು, ಬೆಲೆ ಕೇಳಿ ಮೆಲ್ಲಗೆ ವಾಪಸ್ ಇಟ್ಟೆ. ಬಜೆಟ್ ಆದರೂ ಮೀರಿತು. ಎಷ್ಟು ಅಂತ ಬರೆಯುವುದಿಲ್ಲ, ಹೆಂಡತಿ ಇದನ್ನು ಓದುತ್ತಾಳೆ.

ಕೇಜಿಗೆ ಗಟ್ಟಿ ಫೋಮ್ ಹಾಕಿದೆ. ಬೆಲ್ಟಿನ ತಾರೀಖು ಓದಿದೆ, ಮುಗಿದು ಆರು ವರ್ಷವಾಗಿತ್ತು. ಆ ಲೆಕ್ಕ ಬೇರೆ. ಬೆಲ್ಟು, ಹ್ಯಾನ್ಸ್ ಎರಡೂ ಬರುವವರೆಗೆ ಟ್ರ್ಯಾಕ್ ಡೇ ಮುಂದಕ್ಕೆ ಹಾಕಿದ್ದೇನೆ.

ಹಳೇ ಹೆಲ್ಮೆಟ್ ಎಸೆಯುವ ಮುಂಚೆ ಗರಗಸ ಹಿಡಿದು ಸೀಳಿದೆ, ಕಾಕಾ ಹೇಳಿದ್ದನ್ನು ಕಣ್ಣಾರೆ ನೋಡಬೇಕಿತ್ತು. ಗೀರು ಬಿದ್ದಿದ್ದ ಜಾಗದ ಕೆಳಗೆ ಥರ್ಮಾಕೋಲ್ ಹೆಬ್ಬೆಟ್ಟು ಕೂರುವಷ್ಟು ತಗ್ಗಾಗಿದೆ, ಪಕ್ಕಕ್ಕೆ ಎರಡಿಂಚು ಸೀಳಿದೆ. ಮೇಲೆ ಚಿಪ್ಪಿಗೆ ಏನೂ ಆಗಿಲ್ಲ. ಆಮೇಲೆ ಒಳಬಟ್ಟೆಯ ಒಂದು ತುಂಡಿಗೆ ಲೈಟರ್ ಹಿಡಿದೆ. ಹೊತ್ತಿಕೊಂಡು, ಕರಗಿ, ಹನಿ ಹನಿಯಾಗಿ ನೆಲಕ್ಕೆ ಬಿತ್ತು. ಪಕ್ಕದಲ್ಲೇ ನೋಮೆಕ್ಸ್ ಪೇಪರ್ ತುಂಡು ಹಿಡಿದೆ. ಕಪ್ಪಾಗಿ ಮುದುಡಿತು, ಲೈಟರ್ ತೆಗೆದ ಕೂಡಲೇ ಸುಮ್ಮನಾಯಿತು. ಹದಿನೈದು ವರ್ಷದಿಂದ ಆ ಪೇಪರನ್ನು ಮೋಟರಿಗೆ ಹಾಕುತ್ತಿದ್ದೇನೆ ನೋಡ್ರಿ, ನನ್ನ ತಲೆಗೆ ಮಾತ್ರ ಪಾಲಿಯೆಸ್ಟರ್.

ಸೀಳಿದ ಅರ್ಧ ಹೋಳು ಅಂಗಡಿಯ ಮೊಳೆಗೆ ತೂಗುತ್ತಿದೆ. ಪಂಪು ತಂದ ರೈತರೆಲ್ಲ ಅದೇನು ಅಂತ ಕೇಳುತ್ತಾರೆ.