ಗೃಹಜ್ಯೋತಿ ಇದ್ರೂ ಚಳಿಗಾಲದಲ್ಲಿ ಬಿಲ್ ಬರ್ತಿದೆ, ಯಾಕೆ?

ಕೋಟೆಬೀದಿ, ಚಿಕ್ಕಬಳ್ಳಾಪುರ
ಜೂನ್‌ನಲ್ಲಿ ಈ ಬಾಡಿಗೆ ಮನೆಗೆ ಬಂದೆವು. ಹಳೇ ಮನೆಯ ಗೃಹಜ್ಯೋತಿ ಡಿ-ಲಿಂಕ್ ಮಾಡಿಸಿ ಇಲ್ಲಿಗೆ ಹೊಸದಾಗಿ ಅರ್ಜಿ ಹಾಕಿದ್ದೂ ಆಯ್ತು. ಅಕ್ಟೋಬರ್‌ವರೆಗೆ ಹತ್ತಿಪ್ಪತ್ತು ರೂಪಾಯಿ ಬಂದರೆ ಹೆಚ್ಚು. ಡಿಸೆಂಬರ್‌ನಲ್ಲಿ ಓಡಿರೋದು 93 ಯೂನಿಟ್, ಬಿಲ್ ಮುನ್ನೂರರ ಹತ್ತಿರ! 200 ಯೂನಿಟ್ ಫ್ರೀ ಅಲ್ವಾ? ಜಾಸ್ತಿಯಾಗಿದ್ದು ಗೀಸರ್ ಒಂದೇ. ನಂದಿ ಕಡೆಯಿಂದ ಬೀಸೋ ಗಾಳಿಗೆ ಅತ್ತೆಗೆ ಮಂಡಿ ಹಿಡಿದುಕೊಳ್ಳುತ್ತೆ, ತಣ್ಣೀರು ಮುಟ್ಟೋ ಹಾಗೇ ಇಲ್ಲ.

ಕಲ್ಪತರು, ತುಮಕೂರು
ಎಲ್ಲರೂ ಎಡವೋದು ಇಲ್ಲೇ ಮೇಡಂ. 200 ಅನ್ನೋದು ಮಿತಿ, ನಿಮ್ಮ ಪಾಲಲ್ಲ. ಆ ಮೀಟರ್ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದಕ್ಕೆ ಶೇ 10 ಸೇರಿಸಿ ಕೊಡುತ್ತಾರೆ. ಸರಾಸರಿ 48ಕ್ಕಿಂತ ಕಮ್ಮಿ ಇದ್ದರೆ, 2024ರಿಂದ ಶೇ 10ರ ಬದಲು ನೇರ 10 ಯೂನಿಟ್. ಅದರ ಮೇಲೆ ಓಡಿದ್ದಕ್ಕೆ ದುಡ್ಡು ಕಟ್ಟಲೇಬೇಕು. 200 ದಾಟಿತೋ, ಪೂರ್ತಿ ಬಿಲ್ ತಲೆ ಮೇಲೆ. ಹೋದ ಮೇನಲ್ಲಿ ಕೂಲರ್ ಹಾಕಿಕೊಂಡು ನಮ್ಮದು 203 ಆಯ್ತು, ಮೂರು ಯೂನಿಟ್‌ಗೆ ಇಡೀ ಬಿಲ್ ಕಟ್ಟಿದೆ. ನಿಮ್ಮ ಮನೇಲಿ ಮುಂಚೆ ಯಾರಿದ್ದರು?

ಕೋಟೆಬೀದಿ
ಒಬ್ಬರೇ ಅಜ್ಜಿ ಇದ್ದರಂತೆ. ಫ್ರಿಜ್ಜೂ ಇರಲಿಲ್ಲವಂತೆ. ಬಿಲ್‌ನಲ್ಲಿ ಅರ್ಹತೆ 48 ಅಂತ ಈಗ ನೋಡಿದೆ.

ಕಲ್ಪತರು
ಅಲ್ಲಿಗೆ ಸರಿಹೋಯ್ತು. ಅಜ್ಜಿ ಸರಾಸರಿ 38, ಪ್ಲಸ್ 10. ಅವರು ಉಳಿಸಿದ್ದರ ಲೆಕ್ಕದಲ್ಲಿ ನೀವು ಸಂಸಾರ ಮಾಡ್ತಿದ್ದೀರಿ. ನಮ್ಮ ಅಣ್ಣನ ಹೊಸ ಮನೆಗೆ ಹಳೇ ಲೆಕ್ಕವೇ ಇಲ್ಲ, ಅದಕ್ಕೆ ಸರಾಸರಿ 53 ಅಂತ ಹಿಡಿದು, ಶೇ 10 ಸೇರಿಸಿ 58 ಕೊಟ್ಟಿದ್ದಾರೆ, ನಿಮಗಿಂತ ಅವನೇ ವಾಸಿ!

ವೈರ್‌ಮ್ಯಾನ್, ಕೋಲಾರ
ಗೀಸರ್ ಮೇಲೆ 2000 ವ್ಯಾಟ್ ಅಂತ ಬರೆದಿರುತ್ತೆ. ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಬೆಳಿಗ್ಗೆ ಆನ್ ಮಾಡಿ ನಾಲ್ಕು ಜನ ಒಬ್ಬರಾದ ಮೇಲೊಬ್ಬರು ಮುಗಿಸೋವರೆಗೆ ಬಿಟ್ಟರೆ ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ 45. ನಿಮ್ಮ 48ಕ್ಕೆ 45 ಸೇರಿಸಿ ನೋಡಿ, 93. ರಾಡ್ ಹಾಕಿದರೂ ಅಷ್ಟೇ, ಬಕೆಟ್ ನೀರು ಕಾಯೋಕೆ ಬೇಕಾದ ಕರೆಂಟ್ ಕಮ್ಮಿಯಾಗಲ್ಲ, ಶಾಕ್ ಭಯ ಬೇರೆ. ಇನ್ನೊಂದು, ವಠಾರದ ಬೋರ್‌ವೆಲ್ ಮೋಟಾರ್ ಕಾಮನ್ ಮೀಟರ್‌ನಲ್ಲಿದ್ದರೆ ಅದು ಈ ಲೆಕ್ಕಕ್ಕೆ ಬರಲ್ಲ. ನಮ್ಮ ಓನರ್ ಅದನ್ನ ಆರು ಮನೆಗೆ ಹಂಚುತ್ತಾರೆ.

ರೇಷ್ಮೆಗೂಡು, ಶಿಡ್ಲಘಟ್ಟ
ನಮ್ಮಲ್ಲಿ ಹುಳಕ್ಕೆ ಸೊಪ್ಪು ಹಾಕಿ ಉಳಿದ ಹಿಪ್ಪುನೇರಳೆ ಕಡ್ಡಿ ಒಣಗಿಸಿ ಹಂಡೆ ಒಲೆಗೆ ಹಾಕ್ತೀವಿ. ಎರಡು ಹಿಡಿ ಸಾಕು, ಮೂವರಿಗೆ ನೀರು. ಟೌನ್‌ನ ಬಾಡಿಗೆ ಮನೇಲಿ ಹೊಗೆ ಎಬ್ಬಿಸಿದರೆ ಓನರ್ ನಿಮ್ಮನ್ನೇ ಆಚೆ ಹಾಕ್ತಾರೆ ಬಿಡಿ.

ಕೋಟೆಬೀದಿ
ಹಾಗಾದ್ರೆ ಯೂನಿಟ್ ಜಾಸ್ತಿ ಮಾಡಿಸೋಕೆ ಅರ್ಜಿ ಏನೂ ಇಲ್ವಾ?

ಕಲ್ಪತರು
ನಾನು ಕರೆಂಟ್ ಆಫೀಸಲ್ಲಿ ಕೇಳಿದ್ದೆ. ಮೀಟರ್ ಲೆಕ್ಕವೇ ಲೆಕ್ಕ ಅಂದ್ರು.

ಕೋಟೆಬೀದಿ
ಸರಿ. ನಾಳೆಯಿಂದ ಹದಿನೈದು ನಿಮಿಷಕ್ಕೆ ಸ್ವಿಚ್ ಆಫ್, ಮೊದಲು ಅತ್ತೆ, ಆಮೇಲೆ ಮಕ್ಕಳು. ನಮ್ಮ ಯಜಮಾನರಿಗೆ ಇನ್ನೂ ಹೇಳಿಲ್ಲ.