ಬೇಸ್‌ಬಾಲ್ ಸ್ವಿಂಗ್: ಚೆಂಡು ಯಾವಾಗಲೂ ನೆಲ ಹಿಡಿಯುತ್ತಿದೆ, ದೋಷ ಕೈಯಲ್ಲೋ ಸೊಂಟದಲ್ಲೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಹನ್ನೊಂದು ವರ್ಷದ ಮಗ ಇಲ್ಲಿನ ಲಿಟಲ್ ಲೀಗ್ (ಮಕ್ಕಳ ಬೇಸ್‌ಬಾಲ್) ತಂಡದಲ್ಲಿ ಬಲಗೈ ಬ್ಯಾಟರ್ ಆಗಿ ಆಡುತ್ತಾನೆ. ಚೆಂಡು ಬ್ಯಾಟಿಗೆ ಸಿಗುವುದಿಲ್ಲ ಎಂಬ ಕೊರಗೇನೂ ಇಲ್ಲ. ಆದರೆ ಸಿಕ್ಕಿದ್ದರಲ್ಲಿ ಹೆಚ್ಚಿನವು ನೆಲಕ್ಕೆ ಬಡಿದು ಪುಟಿಯುತ್ತಾ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಅಥವಾ ಮೂರನೇ ಬೇಸ್‌ನವನ ಕೈ ಸೇರುತ್ತವೆ, ಇವನು ಮೊದಲ ಬೇಸ್ ತಲುಪುವಷ್ಟರಲ್ಲಿ ಔಟಾಗಿರುತ್ತಾನೆ. ತರಬೇತುದಾರರು ಹಿಂದಿನ ಮೊಣಕೈ ಎತ್ತಿ ಹಿಡಿದು ಮೇಲಿನಿಂದ ಕೆಳಕ್ಕೆ ಬೀಸಲು ಹೇಳುತ್ತಾರೆ. ಯೂಟ್ಯೂಬಿನಲ್ಲಿ ನೋಡಿದರೆ ಕೆಳಗಿನಿಂದ ಮೇಲಕ್ಕೆ ಬೀಸಬೇಕು ಎನ್ನುತ್ತಾರೆ. ಹಿತ್ತಲಲ್ಲಿ ಅವನಿಗೆ ಅಭ್ಯಾಸ ಮಾಡಿಸುವವನು ನಾನು, ನನಗೆ ಗೊತ್ತಿರುವುದು ದಾವಣಗೆರೆಯ ಟೆನಿಸ್ ಬಾಲ್ ಕ್ರಿಕೆಟ್ ಮಾತ್ರ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಸರ್, ಕಾರಣ ಬಹುಶಃ ನಿಮ್ಮ ಕೊನೆಯ ವಾಕ್ಯಗಳಲ್ಲೇ ಇದೆ. ಪುಲ್ ಶಾಟ್ ಹೊಡೆಯುವಾಗ ಚೆಂಡು ಗಾಳಿಗೇರಿ ಕ್ಯಾಚ್ ಆಗದಿರಲೆಂದು ಮಣಿಕಟ್ಟನ್ನು ಉರುಳಿಸುವುದನ್ನು ನಾವೆಲ್ಲ ಕಲಿತಿರುತ್ತೇವೆ, ಗೊತ್ತಿಲ್ಲದೆಯೇ ಮಕ್ಕಳಿಗೂ ಕಲಿಸುತ್ತೇವೆ. ಕ್ರಿಕೆಟ್ಟಿನಲ್ಲಿ ಅದು ಜಾಣತನ. ಬೇಸ್‌ಬಾಲ್‌ನಲ್ಲಿ ಅದೇ ಕೆಲಸ ಚೆಂಡನ್ನು ನೇರವಾಗಿ ಎಡಬದಿಯ ಇನ್‌ಫೀಲ್ಡರ್‌ಗಳಿಗೆ ಒಪ್ಪಿಸುತ್ತದೆ. ಬಲಗೈ ಬ್ಯಾಟರ್‌ನ ಬ್ಯಾಟಿಗೆ ಚೆಂಡು ತಾಗುವ ಕ್ಷಣದಲ್ಲಿ ಬಲ ಅಂಗೈ ಆಕಾಶ ನೋಡುತ್ತಿರಬೇಕು, ಎಡ ಅಂಗೈ ನೆಲ ನೋಡುತ್ತಿರಬೇಕು, ಚೆಂಡು ಬ್ಯಾಟನ್ನು ಬಿಟ್ಟ ಮೇಲಷ್ಟೇ ಮಣಿಕಟ್ಟು ಉರುಳಬೇಕು. ಬೇಸ್‌ಬಾಲ್ ಬ್ಯಾಟ್ ದುಂಡಗಿರುವುದರಿಂದ ಚೆಂಡಿನ ನಡುಭಾಗಕ್ಕಿಂತ ಸ್ವಲ್ಪವೇ ಮೇಲೆ ತಾಗಿದರೂ ಅದು ನೆಲಕ್ಕೇ ಹೋಗುತ್ತದೆ.

ಇನ್ನು ಸೊಂಟದ ವಿಚಾರ. ಹೊಡೆತದ ಬಲ ತೋಳಿನಲ್ಲಿ ಹುಟ್ಟುವುದಿಲ್ಲ, ನೆಲದಿಂದ ಕಾಲಿಗೆ, ಕಾಲಿನಿಂದ ಸೊಂಟಕ್ಕೆ, ಅಲ್ಲಿಂದ ಎದೆಗೆ, ಕೊನೆಗೆ ಕೈಗೆ ಬರುತ್ತದೆ. ಮುಂದಿನ ಕಾಲು ಮೆಲ್ಲಗೆ ಊರಿದಾಗ ಮೈಭಾರದ ಹೆಚ್ಚಿನ ಪಾಲು ಇನ್ನೂ ಹಿಂದೆಯೇ ಇರಬೇಕು. ಸೊಂಟ ಪಿಚರ್ (ಚೆಂಡು ಎಸೆಯುವವನು) ಕಡೆಗೆ ತಿರುಗಲು ಶುರುವಾದಾಗಲೂ ಭುಜಗಳು ಒಂದು ಗಳಿಗೆ ಹಿಂದೆ ಉಳಿದಿರಬೇಕು. ಒದ್ದೆ ಪಂಚೆ ಹಿಂಡುವಾಗ ಬೀಳುವಂಥ ಆ ತಿರುಚು ಬಿಚ್ಚಿಕೊಳ್ಳುವಾಗಲೇ ಬ್ಯಾಟಿಗೆ ವೇಗ ಬರುತ್ತದೆ. ಜೊತೆಗೆ ಮುಂಗಾಲು ಗಟ್ಟಿಯಾಗಿ ನೆಟ್ಟಗಾಗಿ ಮುಂದಕ್ಕೆ ಸಾಗುವ ಮೈಯನ್ನು ತಡೆದು ನಿಲ್ಲಿಸದಿದ್ದರೆ ಆ ತಿರುಗುವಿಕೆಗೆ ಆಧಾರವೇ ಇರುವುದಿಲ್ಲ. ಕೈಯೇ ಮೊದಲು ಹೊರಟರೆ ಬ್ಯಾಟ್ ಮೈಯಿಂದ ದೂರ ಸರಿದು ದೊಡ್ಡ ಸುತ್ತು ಹಾಕಿ ಬರುತ್ತದೆ. ದೊಡ್ಡವರ ಆಟದಲ್ಲಿ ಗಂಟೆಗೆ 95 ಮೈಲಿ ವೇಗದ ಚೆಂಡು ಪಿಚರ್ ಕೈಯಿಂದ ಬ್ಯಾಟರ್ ಪಕ್ಕದ ಪ್ಲೇಟಿಗೆ ಬರಲು ಹಿಡಿಯುವ ಸಮಯ ಸುಮಾರು 0.4 ಸೆಕೆಂಡ್, ಅದರಲ್ಲಿ ಸ್ವಿಂಗಿಗೇ 0.15 ಸೆಕೆಂಡಿನಷ್ಟು ಬೇಕು. ಅಂಥ ಆಟದಲ್ಲಿ ಸುತ್ತುದಾರಿಗೆ ಪುರಸೊತ್ತೆಲ್ಲಿದೆ?

ಉತ್ತರ 2

ಮೇಲಿನವರ ಮಾತಿಗೆ ನನ್ನ ಸಮ್ಮತಿಯಿದೆ, ಆದರೆ ಕೆಳಕ್ಕೋ ಮೇಲಕ್ಕೋ ಎಂಬ ಪ್ರಶ್ನೆ ಹಾಗೇ ಉಳಿಯಿತು. ಪಿಚರ್ ದಿಬ್ಬದ ಮೇಲೆ ನಿಂತು ಎಸೆಯುತ್ತಾನೆ (ಮೇಜರ್ ಲೀಗ್‌ನಲ್ಲಿ ಅದರ ಎತ್ತರ 10 ಅಂಗುಲ), ಆದ್ದರಿಂದ ಚೆಂಡು ಇಳಿಯುತ್ತಾ ಬರುತ್ತದೆ. ಬ್ಯಾಟ್ ತುಸು ಏರುತ್ತಾ ಸಾಗಿದರೆ ಎರಡರ ದಾರಿಯೂ ಹೆಚ್ಚು ಹೊತ್ತು ಒಂದೇ ಗೆರೆಯಲ್ಲಿರುತ್ತದೆ, ಸ್ವಲ್ಪ ಬೇಗ ಅಥವಾ ತಡವಾಗಿ ಬೀಸಿದರೂ ಚೆಂಡು ಸಿಗುತ್ತದೆ. 1941ರಲ್ಲಿ .406 ಸರಾಸರಿ (ಹತ್ತರಲ್ಲಿ ಸುಮಾರು ನಾಲ್ಕು ಸಲ ಹಿಟ್) ಗಳಿಸಿದ ಮೇಜರ್ ಲೀಗ್ ಬ್ಯಾಟರ್ ಟೆಡ್ ವಿಲಿಯಮ್ಸ್ ವಾದಿಸಿದ್ದೂ ಇದನ್ನೇ. ಹಾಗೆಂದು ತರಬೇತುದಾರರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಭುಜದ ಬಳಿಯಿಂದ ಹೊರಟ ಬ್ಯಾಟ್ ಮೊದಲು ಕೆಳಕ್ಕೆ ಇಳಿಯಲೇಬೇಕು, ಆಮೇಲಷ್ಟೇ ಏರುತ್ತದೆ. ಅವರು ಆ ಮೊದಲ ಅರ್ಧವನ್ನು ಹೇಳುತ್ತಿರಬಹುದು. ಹಿಂದಿನ ಮೊಣಕೈಯನ್ನು ನಿಲುವಿನಲ್ಲಿ ಎತ್ತಿ ಹಿಡಿದರೆ ತಪ್ಪಿಲ್ಲ, ಆದರೆ ಬೀಸುವಾಗ ಅದು ಪಕ್ಕೆಲುಬಿನ ಹತ್ತಿರಕ್ಕೆ ಇಳಿಯಬೇಕು. ಹನ್ನೊಂದರ ಹುಡುಗನಿಗೆ ಲಾಂಚ್ ಆಂಗಲ್‌ನ (ಚೆಂಡು ಬ್ಯಾಟಿನಿಂದ ಹೊರಡುವ ಕೋನದ) ಡಿಗ್ರಿ ಲೆಕ್ಕ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮಣಿಕಟ್ಟು ಬೇಗ ಉರುಳುತ್ತಿದೆಯೋ ಸೊಂಟ ತಡವಾಗುತ್ತಿದೆಯೋ ಎಂಬುದನ್ನು ಮನೆಯಲ್ಲೇ ಪತ್ತೆಹಚ್ಚುವುದು ಹೇಗೆ?

ಉತ್ತರ 1

ಬ್ಯಾಟಿಂಗ್ ಟೀ (ಚೆಂಡನ್ನು ಮೇಲಿಟ್ಟು ಹೊಡೆಯುವ ಕಂಬ) ಒಂದನ್ನು ತಂದು ಎದುರಿಗೆ ಬಲೆ ಕಟ್ಟಿ. ಟೀಯನ್ನು ಪ್ಲೇಟಿನ ನಡುಗೆರೆಯಲ್ಲಿ, ಮುಂಗಾಲಿನ ನೇರಕ್ಕೆ ಇಡಿ. ಮೈಗೆ ಹತ್ತಿರದ ಚೆಂಡಾದರೆ ಇನ್ನಷ್ಟು ಮುಂದೆ, ಹೊರಬದಿಯದಾದರೆ ತುಸು ಹಿಂದೆ. ಮೊದಲು ಚೆಂಡಿಲ್ಲದೆ ನಿಧಾನವಾಗಿ ಬೀಸಿಸಿ, ತಾಗುವ ಜಾಗದಲ್ಲಿ ಬ್ಯಾಟ್ ನಿಲ್ಲಿಸಿ ಅಂಗೈಗಳನ್ನು ನೋಡಲು ಹೇಳಿ. ಆಮೇಲೆ ಚೆಂಡಿಟ್ಟು ಹೊಡೆಯುವಾಗ ಫೋನಿನ ಸ್ಲೋ ಮೋಷನ್‌ನಲ್ಲಿ ಅವನ ಎದೆಯ ಕಡೆಯಿಂದ ಚಿತ್ರೀಕರಿಸಿ. ಮುಂಗಾಲು ಊರುವ ಮುಂಚೆಯೇ ಕೈ ಮುಂದಕ್ಕೆ ಹೊರಟಿದ್ದರೆ ದೋಷ ಕ್ರಮದಲ್ಲಿದೆ. ಕ್ರಮ ಸರಿಯಿದ್ದೂ ಚೆಂಡು ಬಲೆಯ ಎಡಮೂಲೆಯ ಬುಡಕ್ಕೇ ಬಡಿಯುತ್ತಿದ್ದರೆ ಮಣಿಕಟ್ಟನ್ನು ಅನುಮಾನಿಸಿ. ಹಿತ್ತಲಲ್ಲಿ ನೀವು ಕ್ರಿಕೆಟ್ ಬೌಲಿಂಗ್ ಮಾಡುತ್ತಿದ್ದರೆ ಅದನ್ನು ಸದ್ಯಕ್ಕೆ ನಿಲ್ಲಿಸಿ, ಪಕ್ಕದಲ್ಲಿ ಕುಳಿತು ಕೆಳಗೈಯಿಂದ ಮೆತ್ತಗೆ ಎಸೆಯಿರಿ.

ಉತ್ತರ 2

ಬ್ಯಾಟಿನ ತೂಕವನ್ನೂ ಒಮ್ಮೆ ನೋಡಿ ಸರ್. ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದನ್ನು ಕೊಳ್ಳುವ ಚಾಳಿ ನಮ್ಮವರಲ್ಲಿದೆ. ಎಡಗೈ ಒಂದರಲ್ಲೇ ಬ್ಯಾಟನ್ನು ಪಕ್ಕಕ್ಕೆ ಚಾಚಿ ಹಿಡಿದಾಗ ತೋಳು ನಡುಗಿದರೆ, ಒಂದೆರಡು ಔನ್ಸ್ ಹಗುರವಾದದ್ದನ್ನು ತಂಡದ ಬೇರೆ ಹುಡುಗರಿಂದ ಎರವಲು ಪಡೆದು ಪರೀಕ್ಷಿಸಿ.