ಹೊರರಾಜ್ಯದ ದೊಡ್ಡ ವಿಶ್ವವಿದ್ಯಾಲಯಕ್ಕೆ ಮಕ್ಕಳನ್ನು ಬಿಡುವ ಮುನ್ನ: ಪ್ರಶ್ನೋತ್ತರ

ಪ್ರಶ್ನೆ (ಅಮೆರಿಕದ ನ್ಯೂಜೆರ್ಸಿಯ ಒಬ್ಬ ತಾಯಿ):

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್‌ನಲ್ಲಿ ಸೀಟು ಸಿಕ್ಕಿದ್ದು, ಆಗಸ್ಟ್ ತಿಂಗಳಲ್ಲಿ ಅವಳನ್ನು ಡಾರ್ಮ್‌ಗೆ (ವಿದ್ಯಾರ್ಥಿನಿಲಯಕ್ಕೆ) ಬಿಟ್ಟು ಬರಬೇಕಾಗಿದೆ. ನಾನೂ ನನ್ನ ಯಜಮಾನರೂ ಬೆಂಗಳೂರಿನಲ್ಲಿ ಮನೆಯಿಂದಲೇ ಬಸ್ಸಿನಲ್ಲಿ ಓಡಾಡಿ ಎಂಜಿನಿಯರಿಂಗ್ ಓದಿದವರು. ಆದ್ದರಿಂದ ಮಕ್ಕಳು ಮನೆ ಬಿಟ್ಟು ಹೋಗುವಾಗ ಏನೇನು ಸಿದ್ಧಪಡಿಸಬೇಕೆಂಬ ಅನುಭವ ನಮಗಿಬ್ಬರಿಗೂ ಇಲ್ಲ. ಅಂಗಡಿಯವರು ಕೊಟ್ಟ ಪಟ್ಟಿಯಲ್ಲಿರುವುದನ್ನೆಲ್ಲ ಕೊಂಡರೆ ಒಂದು ಟ್ರಕ್ ಬೇಕಾಗುತ್ತದೆ. ಮಗಳಿಗೆ ಅಕ್ಟೋಬರ್‌ನಲ್ಲಿ 18 ವರ್ಷ ತುಂಬುತ್ತದೆ. ಈ ಗುಂಪಿನಲ್ಲಿ ವಿಶ್ವವಿದ್ಯಾಲಯದ ವಸತಿ ವಿಭಾಗದಲ್ಲಿ ಕೆಲಸ ಮಾಡುವ ಮೇಡಂ ಇದ್ದಾರೆಂದು ತಿಳಿಯಿತು. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಬಿಡಬಹುದು ಎಂದು ದಯವಿಟ್ಟು ತಿಳಿಸಿ.

ಉತ್ತರ (ಅಮೆರಿಕದ ಉತ್ತರ-ಮಧ್ಯ ಭಾಗವಾದ ಮಿಡ್‌ವೆಸ್ಟ್‌ನ ಬೇರೊಂದು ರಾಜ್ಯ ವಿಶ್ವವಿದ್ಯಾಲಯದ ವಸತಿ ವಿಭಾಗದ ಸದಸ್ಯೆ):

ನಮಸ್ಕಾರ. ನಿಮಗೂ ಮಗಳಿಗೂ ಅಭಿನಂದನೆಗಳು. ನೀವು ಮಗಳ ವಯಸ್ಸನ್ನು ಹೇಳಿದ್ದು ಒಳ್ಳೆಯದಾಯಿತು, ಏಕೆಂದರೆ ನಿಮ್ಮ ಸಿದ್ಧತೆ ಅಲ್ಲಿಂದಲೇ ಆರಂಭವಾಗಬೇಕು. ಮರೆತ ಸಾಮಾನನ್ನು ಅಲ್ಲಿ ಹೋದ ಮೇಲೂ ಕೊಳ್ಳಬಹುದು, ಆದರೆ ಮರೆತ ಸಹಿಯ ಬೆಲೆ ರಾತ್ರಿ ಹನ್ನೊಂದು ಗಂಟೆಗೆ 800 ಮೈಲಿ ದೂರದ ಆಸ್ಪತ್ರೆಯಿಂದ ಕರೆ ಬಂದಾಗ ಗೊತ್ತಾಗುತ್ತದೆ.

ಮೊದಲು ಶೈಕ್ಷಣಿಕ ದಾಖಲೆಗಳ ವಿಷಯ. ವಿದ್ಯಾರ್ಥಿ ದಾಖಲೆಗಳ ಗೋಪ್ಯತೆ ಕಾಪಾಡುವ 1974ರ ಫೆರ್ಪಾ ಕಾನೂನಿನ ಪ್ರಕಾರ, ಶಾಲೆಯ ತನಕ ತಂದೆತಾಯಿಗಳ ಕೈಯಲ್ಲಿದ್ದ ಆ ದಾಖಲೆಗಳ ಮೇಲಿನ ಹಕ್ಕು ಮಗು ಕಾಲೇಜಿಗೆ ಸೇರಿದ ಕೂಡಲೇ ವಿದ್ಯಾರ್ಥಿಗೆ ಸೇರುತ್ತದೆ. ವಯಸ್ಸು ಇನ್ನೂ 17 ಆಗಿದ್ದರೂ ಈ ನಿಯಮ ಬದಲಾಗುವುದಿಲ್ಲ. ಶುಲ್ಕ ಕಟ್ಟುವವರು ನೀವೇ ಆಗಿದ್ದರೂ, ಮಗಳು ಅನುಮತಿ ಕೊಡದಿದ್ದರೆ ಅಂಕಗಳ ಬಗ್ಗೆಯಾಗಲಿ ಬಾಕಿ ಹಣದ ಬಗ್ಗೆಯಾಗಲಿ ಕಚೇರಿಯವರು ಫೋನಿನಲ್ಲಿ ನಿಮ್ಮೊಂದಿಗೆ ಮಾತಾಡಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದನ್ನು ಒರಟುತನವೆಂದು ತಿಳಿಯಬೇಡಿ, ಅವರು ಕಾನೂನನ್ನು ಪಾಲಿಸುತ್ತಿರುತ್ತಾರೆ. ಬಿಲ್ ನೋಡಿ ಹಣ ಕಟ್ಟುವ ಅಧಿಕಾರವನ್ನು ಮಗಳೇ ತನ್ನ ಆನ್‌ಲೈನ್ ಖಾತೆಯಿಂದ ನಿಮಗೆ ಕೊಡಬೇಕು. ಜುಲೈ ತಿಂಗಳಲ್ಲಿ ಒಂದು ಸಂಜೆ ಜೊತೆಗೆ ಕುಳಿತು ಇದನ್ನು ಮುಗಿಸಿ. ಯಾವ ಮಾಹಿತಿಯನ್ನು ನಿಮ್ಮೊಂದಿಗೆ ಹಂಚಿಕೊಳ್ಳಲು ಅವಳಿಗೆ ಇಷ್ಟವಿದೆ, ಯಾವುದಕ್ಕೆ ಇಲ್ಲ ಎಂಬ ಮಾತೂ ಆಗಲೇ ಆಗಿಬಿಡಲಿ.

ವೈದ್ಯಕೀಯ ವಿಷಯದಲ್ಲಿ ನಿಮ್ಮ ಮಗಳಿಗೆ ಎರಡು ಹಂತಗಳಿವೆ, ಇದನ್ನು ಬಹಳ ಮನೆಯವರು ಗಮನಿಸುವುದಿಲ್ಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅವಳು ಅಪ್ರಾಪ್ತ ವಯಸ್ಕಳಾಗಿರುವುದರಿಂದ, ಸಾಮಾನ್ಯ ಚಿಕಿತ್ಸೆಗೂ ಆರೋಗ್ಯ ಕೇಂದ್ರದವರು ತಂದೆ ಅಥವಾ ತಾಯಿಯ ಒಪ್ಪಿಗೆ ಕೇಳಬಹುದು. ಆ ಒಪ್ಪಿಗೆ ಪತ್ರಕ್ಕೆ ಹೊರಡುವ ಮೊದಲೇ ಸಹಿ ಮಾಡಿ ಕಳಿಸಿ. ಡಾರ್ಮ್ ಒಪ್ಪಂದಕ್ಕೂ ಪೋಷಕರ ಸಹಿ ಬೇಕೇ ಎಂದು ಇದೇ ಕಾರಣಕ್ಕಾಗಿ ನೋಡಿಕೊಳ್ಳಿ. ಅಕ್ಟೋಬರ್ ನಂತರ ಪರಿಸ್ಥಿತಿ ತಲೆಕೆಳಗಾಗುತ್ತದೆ. ಆಗ ಅವಳ ಅನುಮತಿಯಿಲ್ಲದೆ ಆಸ್ಪತ್ರೆಯವರು ನಿಮಗೆ ವಿವರ ಕೊಡದಿರಬಹುದು, ಅವಳಿಗೆ ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ತೀರ್ಮಾನ ತೆಗೆದುಕೊಳ್ಳುವ ಅಧಿಕಾರವೂ ನಿಮಗೆ ತಾನಾಗಿ ಸಿಗುತ್ತದೆಂದು ನಂಬಿ ಕೂರುವಂತಿಲ್ಲ. ಆದ್ದರಿಂದ 18 ತುಂಬಿದ ಮೇಲೆ ಅವಳು ಎರಡು ಕಾಗದಗಳಿಗೆ ಸಹಿ ಮಾಡಬೇಕು: ವೈದ್ಯಕೀಯ ಮಾಹಿತಿ ಹಂಚಿಕೊಳ್ಳುವ ಹಿಪಾ (ರೋಗಿಯ ಮಾಹಿತಿಯ ಗೋಪ್ಯತೆ ಕಾಪಾಡುವ ಕಾನೂನು) ಅನುಮತಿ ಪತ್ರ ಮತ್ತು ತನ್ನ ಪರವಾಗಿ ತೀರ್ಮಾನಿಸುವ ಅಧಿಕಾರವನ್ನು ನಿಮಗೆ ಕೊಡುವ, ಆರೋಗ್ಯ ವಿಷಯದ ಪವರ್ ಆಫ್ ಅಟಾರ್ನಿ. ನಮೂನೆ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುವುದರಿಂದ ನ್ಯೂಜೆರ್ಸಿ ಮತ್ತು ಇಲಿನಾಯ್ ಎರಡರದ್ದನ್ನೂ ತುಂಬಿಸುವುದು ಕ್ಷೇಮ. ಸಾಕ್ಷಿಗಳು ಬೇಕಾಗುವುದರಿಂದ, ಹೆಚ್ಚೆಂದರೆ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮನೆಗೆ ಬಂದಾಗ ಮುಗಿಸಿಬಿಡಿ. ಸಹಿಯಾದ ಪ್ರತಿಗಳು ನಿಮ್ಮಿಬ್ಬರ ಫೋನಿನಲ್ಲೂ ಅವಳ ಫೋನಿನಲ್ಲೂ ಇರಲಿ.

ಆರೋಗ್ಯ ವಿಮೆಯ ವಿಚಾರದಲ್ಲಿ ಮೋಸಹೋಗುವುದು ಸುಲಭ. 26 ವರ್ಷ ತುಂಬುವವರೆಗೆ ಮಕ್ಕಳು ನಿಮ್ಮ ಪಾಲಿಸಿಯಲ್ಲಿಯೇ ಇರಬಹುದೆಂಬುದು ನಿಜ. ಆದರೆ ನಿಮ್ಮದು ಎಚ್‌ಎಂಒ (ಗೊತ್ತುಮಾಡಿದ ವೈದ್ಯರಲ್ಲಿಗೇ ಹೋಗಬೇಕಾದ ವಿಮೆ) ಆಗಿದ್ದರೆ, ಶಾಂಪೇನ್‌ನಲ್ಲಿ ಆ ಪಾಲಿಸಿಯ ವೈದ್ಯರು ಒಬ್ಬರೂ ಇಲ್ಲದಿರಬಹುದು, ತುರ್ತು ಚಿಕಿತ್ಸೆ ಬಿಟ್ಟು ಬೇರೇನೂ ಸಿಗದಿರಬಹುದು. ಕಂಪನಿಗೆ ಕರೆ ಮಾಡಿ, ಆ ಊರಿನ ಪಿನ್‌ಕೋಡ್ ಹೇಳಿ, ಯಾವ ವೈದ್ಯರು, ಯಾವ ಲ್ಯಾಬ್, ಯಾವ ಔಷಧದ ಅಂಗಡಿ ಎಂದು ಹೆಸರು ಹಿಡಿದು ಕೇಳಿ. ಅದಾದ ಮೇಲೆಯೇ ವಿಶ್ವವಿದ್ಯಾಲಯದ ವಿದ್ಯಾರ್ಥಿ ವಿಮೆ ಬೇಕೋ ಬೇಡವೋ ಎಂದು ನಿರ್ಧರಿಸಿ. ಬೇಡವಾದರೆ ಕೊನೆಯ ದಿನಾಂಕದೊಳಗೆ ವಿನಾಯಿತಿ ಅರ್ಜಿ ಹಾಕಬೇಕು, ಇಲ್ಲದಿದ್ದರೆ ಆ ಮೊತ್ತ ಬಿಲ್‌ನಲ್ಲಿ ಉಳಿದುಬಿಡುತ್ತದೆ. ಲಸಿಕೆಗಳ ದಾಖಲೆಯನ್ನು ಬೇಸಿಗೆಯಲ್ಲಿಯೇ ಕಳಿಸಿ. ದಡಾರ, ಮಂಪ್ಸ್, ರುಬೆಲ್ಲಾ ಮತ್ತು ಟೆಟನಸ್ ಲಸಿಕೆಗಳ ಜೊತೆಗೆ, 22 ವರ್ಷದೊಳಗಿನವರು 16 ತುಂಬಿದ ಮೇಲೆ ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಂಡಿರಬೇಕೆಂದು ಇಲಿನಾಯ್ ರಾಜ್ಯ ನಿಯಮ ಮಾಡಿದೆ. ಹನ್ನೊಂದನೆಯ ವಯಸ್ಸಿನಲ್ಲಿ ಹಾಕಿಸಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ.

ಈಗ ಸಾಮಾನಿನ ಮಾತು. ಡಾರ್ಮ್ ಹಾಸಿಗೆಗಳು ಹೆಚ್ಚಾಗಿ ಟ್ವಿನ್ ಎಕ್ಸ್‌ಎಲ್ ಅಳತೆಯವು, ಅಂದರೆ 80 ಅಂಗುಲ ಉದ್ದ. ಮನೆಯಲ್ಲಿರುವ ಸಾಮಾನ್ಯ ಟ್ವಿನ್ ಹೊದಿಕೆ ಐದು ಅಂಗುಲ ಗಿಡ್ಡವಾಗುವುದರಿಂದ ಮೂಲೆಗೆ ಕೂರುವುದಿಲ್ಲ. ಎರಡು ಜೊತೆ ಹೊದಿಕೆ, ಸ್ನಾನದ ಸಾಮಾನು ಇಟ್ಟುಕೊಳ್ಳುವ ಜಾಲರಿ ಬುಟ್ಟಿ, ಸ್ನಾನಗೃಹಕ್ಕೆ ರಬ್ಬರ್ ಚಪ್ಪಲಿ, ಒಂದು ಮೇಜಿನ ಫ್ಯಾನ್, ಸರ್ಜ್ ಪ್ರೊಟೆಕ್ಟರ್, ಔಷಧದ ಪೆಟ್ಟಿಗೆ, ಇಷ್ಟಿದ್ದರೆ ಮೊದಲ ವಾರ ಕಳೆಯುತ್ತದೆ. ಫ್ಯಾನ್ ಹೇಳಿದ್ದಕ್ಕೆ ಕಾರಣವಿದೆ. ಆಗಸ್ಟ್‌ನಲ್ಲಿ ಮಧ್ಯ ಇಲಿನಾಯ್‌ನ ಸೆಕೆ ಮಂಗಳೂರಿನ ಮೇ ತಿಂಗಳನ್ನು ನೆನಪಿಸುತ್ತದೆ, ಹಳೆಯ ಕಟ್ಟಡಗಳಲ್ಲೆಲ್ಲ ಎಸಿ ಇರುತ್ತದೆಂದು ಊಹಿಸಿಕೊಳ್ಳಬಾರದು. ಚಳಿಗಾಲದ ದಪ್ಪ ಕೋಟನ್ನು ಈಗ ಹೊರುವ ಅಗತ್ಯವಿಲ್ಲ. ಫ್ರಿಜ್, ಮೈಕ್ರೋವೇವ್, ಕಸಪೊರಕೆಗಳನ್ನು ರೂಮ್‌ಮೇಟ್ ಜೊತೆ ಮಾತಾಡಿದ ಮೇಲೆ ಒಬ್ಬರೇ ತಂದರೆ ಸಾಕು. ಉಳಿದದ್ದನ್ನು ಅಲ್ಲಿಯ ಅಂಗಡಿಗೆ ಆರ್ಡರ್ ಮಾಡಿ, ತಲುಪಿದ ದಿನ ತೆಗೆದುಕೊಳ್ಳಿ.

ಡಾರ್ಮ್‌ಗೆ ಸೇರುವ ಮೂವ್-ಇನ್ ದಿನಕ್ಕೆ ಪ್ರತಿ ವಿದ್ಯಾರ್ಥಿಗೂ ಸಮಯ ಗೊತ್ತುಮಾಡಿರುತ್ತಾರೆ. ಒಟ್ಟು 55 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಜಾಗದಲ್ಲಿ ಕಾರನ್ನು ಕಟ್ಟಡದ ಮುಂದೆ ನಿಲ್ಲಿಸಿಕೊಳ್ಳಲು ಸ್ವಲ್ಪ ಹೊತ್ತು ಮಾತ್ರ ಬಿಡುತ್ತಾರೆ. ಪ್ರತಿ ಪೆಟ್ಟಿಗೆಯ ಮೇಲೂ ಹೆಸರು, ಕಟ್ಟಡ, ಕೋಣೆಯ ಸಂಖ್ಯೆ ಬರೆದಿರಲಿ. ಹೋಟೆಲ್ ಕೋಣೆಯನ್ನು ಇಂದೇ ಕಾಯ್ದಿರಿಸಿ. ಅರ್ಬಾನಾ, ಶಾಂಪೇನ್ ಅವಳಿ ಊರುಗಳಾದರೂ ಚಿಕ್ಕವು, ಆ ವಾರ ಬಂದವರಿಗೆಲ್ಲ ಜಾಗ ಸಾಲುವುದಿಲ್ಲ.

ಪ್ರಶ್ನೆ (ಕ್ಯಾಲಿಫೋರ್ನಿಯಾದ ಒಬ್ಬ ತಂದೆ):

ಮೇಡಂ, ನಮ್ಮ ಮಗನೂ ಇದೇ ವರ್ಷ ಮಿಡ್‌ವೆಸ್ಟ್‌ಗೆ ಹೋಗುತ್ತಿದ್ದಾನೆ. ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಅವನ ಅಜ್ಜಿ ಒಂದು ಪುಟ್ಟ ರೈಸ್ ಕುಕ್ಕರ್ ಮತ್ತು ದೇವರ ದೀಪ ಕೊಟ್ಟು ಕಳಿಸಬೇಕೆನ್ನುತ್ತಾರೆ. ಕೋಣೆಯಲ್ಲಿ ಇಟ್ಟುಕೊಳ್ಳಲು ಬಿಡುತ್ತಾರೆಯೇ?

ಉತ್ತರ:

ದೀಪ, ಊದುಬತ್ತಿ, ಕರ್ಪೂರ ಇವು ಯಾವ ಡಾರ್ಮ್‌ನಲ್ಲೂ ನಡೆಯುವುದಿಲ್ಲ. ಹಚ್ಚದೆ ಸುಮ್ಮನೆ ಇಟ್ಟ ಮೇಣದಬತ್ತಿಯನ್ನೂ ಎಷ್ಟೋ ಕಡೆ ತಪಾಸಣೆಯ ದಿನ ತೆಗೆಸುತ್ತಾರೆ. ಒಂದು ಕೋಣೆಯ ಹೊಗೆಯಿಂದ ಅಲಾರಂ ಬಾರಿಸಿದರೆ ನೂರಾರು ಮಕ್ಕಳು ನಡುರಾತ್ರಿ ಕಟ್ಟಡದ ಹೊರಗೆ ನಿಲ್ಲಬೇಕಾಗುತ್ತದೆ. ಚಿಕ್ಕ ದೇವರ ಪಟ, ಬ್ಯಾಟರಿಯ ದೀಪ ಇಟ್ಟುಕೊಳ್ಳಲು ಯಾರ ಆಕ್ಷೇಪವೂ ಇರುವುದಿಲ್ಲ. ಹೆಚ್ಚಿನ ವರ್ಷಗಳಲ್ಲಿ ಗೌರಿ ಗಣೇಶ ಹಬ್ಬ ಬರುವ ಹೊತ್ತಿಗೆ ತರಗತಿಗಳು ಆರಂಭವಾಗಿರುತ್ತವೆ. ಕ್ಯಾಂಪಸ್‌ನ ಭಾರತೀಯ ವಿದ್ಯಾರ್ಥಿ ಸಂಘದವರು ಅಥವಾ ಹತ್ತಿರದ ದೇವಸ್ಥಾನದವರು ಪೂಜೆ ಇಟ್ಟುಕೊಂಡರೆ ಅಲ್ಲಿಗೆ ಹೋಗಲು ಹೇಳಿ.

ರೈಸ್ ಕುಕ್ಕರ್ ವಿಚಾರದಲ್ಲಿ ನಿಯಮ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ರೀತಿ ಇರುವುದರಿಂದ, ವಸತಿ ವಿಭಾಗದ ನಿಷಿದ್ಧ ವಸ್ತುಗಳ ಪಟ್ಟಿಯನ್ನು ಓದದೆ ಕೊಳ್ಳಬೇಡಿ. ಬಿಸಿ ಸುರುಳಿ ಹೊರಗೆ ಕಾಣುವ ಯಾವ ಒಲೆಯೂ, ಟೋಸ್ಟರ್ ಕೂಡ, ಸಾಮಾನ್ಯವಾಗಿ ನಿಷಿದ್ಧ. ತಾನಾಗಿ ಆರುವ ವಿದ್ಯುತ್ ಕೆಟಲ್ ಅನ್ನು ಅನೇಕ ಕಡೆ ಬಿಡುತ್ತಾರೆ. ಅದೊಂದಿದ್ದರೆ, ಹುಣಿಸೆ ಬೆಲ್ಲ ಹಾಕಿ ಮನೆಯಲ್ಲೇ ಬೆರೆಸಿ ಕೊಟ್ಟ ಗೊಜ್ಜವಲಕ್ಕಿ ಪುಡಿ ಪರೀಕ್ಷೆಯ ರಾತ್ರಿಗಳಿಗೆ ಸಾಕಾಗುತ್ತದೆ. ಡಬ್ಬದ ಮುಚ್ಚಳ ಮಾತ್ರ ಬಿಗಿಯಾಗಿರಲಿ, ಇಂಗಿನ ವಾಸನೆ ರೂಮ್‌ಮೇಟ್‌ಗೆ ಹೊಸದು.

ದಿನದ ಊಟ ಮಾತ್ರ ಡೈನಿಂಗ್ ಹಾಲ್‌ನಲ್ಲೇ ಆಗಬೇಕು. ಮೊದಲ ವಾರವೇ ಅಲ್ಲಿಯ ಆಹಾರತಜ್ಞರನ್ನು ಭೇಟಿಯಾಗಿ ಮೊಟ್ಟೆ, ಮಾಂಸದ ಸಾರು, ಜೆಲಟಿನ್ ಬೇಡವೆಂದು ಅವನೇ ಹೇಳಲಿ. ಅಲ್ಲಿ ಸಸ್ಯಾಹಾರವೆಂದರೆ ಮೊಟ್ಟೆ ಸೇರಿರಬಹುದು. ವೀಗನ್ (ಮೊಟ್ಟೆ, ಹಾಲು ಯಾವುದೂ ಇಲ್ಲದ್ದು) ಎಂಬ ಚೀಟಿ ಇರುವ ತಿನಿಸು ನಿಮ್ಮ ಮಗನಿಗೆ ಹೆಚ್ಚು ಸುರಕ್ಷಿತ. ಮೊಸರು, ತುಪ್ಪ ಬೇರೆ ತೆಗೆದುಕೊಂಡರಾಯಿತು.

ಪ್ರಶ್ನೆ (ಟೆಕ್ಸಾಸ್‌ನ ಒಬ್ಬ ತಾಯಿ):

ನಮ್ಮ ಮಗಳು ಎಂಟನೆಯ ತರಗತಿಯಿಂದ ಇಲ್ಲಿಯೇ ಓದಿದವಳು, ಆದರೆ ನಾವಿನ್ನೂ ಎಚ್-1ಬಿ ಕೆಲಸದ ವೀಸಾದಲ್ಲಿದ್ದೇವೆ, ಅವಳು ಅದನ್ನು ಅವಲಂಬಿಸಿದ ಎಚ್-4ರಲ್ಲಿ. ಹೊರರಾಜ್ಯಕ್ಕೆ ಹೋಗುವಾಗ ನಾವು ವಿಶೇಷವಾಗಿ ಏನು ಗಮನಿಸಬೇಕು? ಕ್ಯಾಂಪಸ್‌ನಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡಿ ಕೈಖರ್ಚಿಗೆ ಮಾಡಿಕೊಳ್ಳುತ್ತೇನೆ ಎನ್ನುತ್ತಿದ್ದಾಳೆ.

ಉತ್ತರ:

ಈ ಪ್ರಶ್ನೆಯನ್ನು ಮೂವ್-ಇನ್ ಮೊದಲೇ ಕೇಳಿದ್ದಕ್ಕೆ ನನಗೆ ಸಮಾಧಾನವಾಗಿದೆ, ಏಕೆಂದರೆ ಮೂರನೆಯ ವರ್ಷದಲ್ಲಿ ಇದೇ ವಿಷಯಕ್ಕೆ ಕಣ್ಣೀರಿಟ್ಟ ಮಕ್ಕಳನ್ನು ನಾನು ಕಂಡಿದ್ದೇನೆ.

ಎಚ್-4ರಲ್ಲಿ ಪೂರ್ಣಾವಧಿ ಓದಬಹುದು, ಆದರೆ ಮಕ್ಕಳು ಸಂಬಳದ ಕೆಲಸ ಮಾಡುವಂತಿಲ್ಲ. ಕ್ಯಾಂಪಸ್‌ನ ಗ್ರಂಥಾಲಯ, ಡೈನಿಂಗ್ ಹಾಲ್, ಪ್ರಾಧ್ಯಾಪಕರ ಸಂಶೋಧನಾ ಸಹಾಯ, ಬೇಸಿಗೆಯ ಇಂಟರ್ನ್‌ಶಿಪ್, ಸಂಬಳವಿದ್ದರೆ ಇವೆಲ್ಲವೂ ನಿಷಿದ್ಧವೇ. ಸಹಪಾಠಿಗಳೆಲ್ಲ ಮಾಡುತ್ತಿದ್ದಾರೆಂದು ತಿಳಿಯದೆ ಸೇರಿಕೊಂಡರೆ ಮುಂದಿನ ಅರ್ಜಿಗಳೆಲ್ಲಕ್ಕೂ ತೊಂದರೆ. ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವೂ ಎಚ್-4 ಇರುವವರಿಗೆ ಸಿಗುವುದಿಲ್ಲ, ಆದ್ದರಿಂದ ನಾಲ್ಕು ವರ್ಷದ ಖರ್ಚನ್ನು ಅದಿಲ್ಲದೆಯೇ ಲೆಕ್ಕ ಹಾಕಿ. ಒಂದು ವರ್ಷ ಅಲ್ಲಿದ್ದರೆ ಆ ರಾಜ್ಯದವರ ಶುಲ್ಕ ಸಿಗುತ್ತದೆಂದು ಕೆಲವರು ಹೇಳುತ್ತಾರೆ. ತಂದೆತಾಯಿಗಳು ಬೇರೆ ರಾಜ್ಯದಲ್ಲಿರುವಾಗ, ಅವರನ್ನು ಅವಲಂಬಿಸಿದ ವಿದ್ಯಾರ್ಥಿಗೆ ಅದು ಸಿಗುವುದು ತೀರಾ ಕಷ್ಟ.

ದೊಡ್ಡ ಗಡಿ 21ನೆಯ ಹುಟ್ಟುಹಬ್ಬ. ಅಂದಿಗೆ ಎಚ್-4 ಮುಗಿಯುತ್ತದೆ. 18ಕ್ಕೆ ಸೇರಿದವಳಿಗೆ ಅದು ಮೂರನೆಯ ವರ್ಷದ ಆಸುಪಾಸಿನಲ್ಲೇ ಬರುತ್ತದೆ. ಅಷ್ಟರೊಳಗೆ ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಬಾರದಿದ್ದರೆ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು, ಆ ಅರ್ಜಿಗೆ ತಿಂಗಳುಗಳೇ ಹಿಡಿಯುತ್ತವೆ. ನನ್ನ ಅಭಿಪ್ರಾಯದಲ್ಲಿ ಎರಡನೆಯ ವರ್ಷದ ಆರಂಭದಲ್ಲೇ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನೂ ಒಬ್ಬ ವಲಸೆ ವಕೀಲರನ್ನೂ ಕಾಣಬೇಕು. ಎಫ್-1ಕ್ಕೆ ಬದಲಾದರೆ ಗ್ರೀನ್ ಕಾರ್ಡ್ ಅರ್ಜಿಯ ಮೇಲೆ ಏನು ಪರಿಣಾಮ, ಮಕ್ಕಳ ವಯಸ್ಸನ್ನು ಕಾಪಾಡುವ ಸಿಎಸ್‌ಪಿಎ ಕಾನೂನು ನಿಮಗೆ ಅನ್ವಯಿಸುತ್ತದೆಯೇ ಎಂಬುದನ್ನು ವಕೀಲರೇ ಹೇಳಬೇಕು, ಗುಂಪಿನಲ್ಲಿ ಕೇಳಿ ತೀರ್ಮಾನಿಸಬೇಡಿ. ಯಜಮಾನರ ಎಚ್-1ಬಿ ವಿಸ್ತರಣೆಯಾದರೆ ಮಗಳದ್ದು ತಾನಾಗಿ ವಿಸ್ತರಿಸುವುದಿಲ್ಲ, ಅವಳ ಅರ್ಜಿ ಬೇರೆಯಾಗಿಯೇ ಹೋಗಬೇಕು. ಅವಳ ಐ-94 (ದೇಶದಲ್ಲಿ ಎಲ್ಲಿಯವರೆಗೆ ಇರಬಹುದೆಂಬ ದಾಖಲೆ) ಮುಗಿಯುವ ದಿನಾಂಕವನ್ನು ಅವಳೇ ನೆನಪಿಟ್ಟುಕೊಂಡಿರಲಿ. ವಿಳಾಸ ಬದಲಾದ 10 ದಿನಗಳೊಳಗೆ ವಲಸೆ ಇಲಾಖೆಗೆ ತಿಳಿಸಬೇಕೆಂಬ ನಿಯಮವೂ ಇದೆ. ಡಾರ್ಮ್‌ಗೆ ಸೇರಿದ ವಾರವೇ ಆನ್‌ಲೈನ್‌ನಲ್ಲಿ ತುಂಬಿಸಿ.

ಪ್ರಶ್ನೆ (ಮೊದಲು ಕೇಳಿದ ತಾಯಿ):

ತುಂಬ ಉಪಕಾರವಾಯಿತು ಮೇಡಂ. ಇನ್ನೆರಡು ಕೇಳುತ್ತೇನೆ. ಬಿಟ್ಟ ಮೇಲೆ ನಾವು ಒಂದು ವಾರ ಅಲ್ಲೇ ಹೋಟೆಲಿನಲ್ಲಿದ್ದರೆ ಒಳ್ಳೆಯದಲ್ಲವೇ? ಮತ್ತೆ ಎರಡನೆಯ ವರ್ಷಕ್ಕೆ ಅಪಾರ್ಟ್‌ಮೆಂಟನ್ನು ಈಗಲೇ ನೋಡಬೇಕೆಂದು ಪರಿಚಯದವರು ಹೆದರಿಸುತ್ತಿದ್ದಾರೆ.

ಉತ್ತರ:

ಒಂದು ವಾರ ಬೇಡ. ಕೋಣೆ ಜೋಡಿಸಿದ ಮರುದಿನ, ಬೇಕಾದರೆ ಮರೆತ ಸಾಮಾನು ಕೊಡಿಸಿ, ಹೊರಡಿ. ಹೊಸಬರಿಗಾಗಿ ಮೊದಲ ದಿನಗಳಲ್ಲಿ ಇಟ್ಟುಕೊಂಡಿರುವ ಕಾರ್ಯಕ್ರಮಗಳಲ್ಲೇ ಅವರಿಗೆ ಸ್ನೇಹಿತರಾಗುವುದು, ಆ ಸಂಜೆಗಳಲ್ಲಿ ಅವಳು ನಿಮ್ಮೊಂದಿಗೆ ಹೋಟೆಲಿನಲ್ಲಿ ಊಟಕ್ಕೆ ಕುಳಿತಿರಬಾರದು. ಸೆಪ್ಟೆಂಬರ್‌ನಲ್ಲಿ ಒಂದು ದಿನ ಅಳುತ್ತಾ ಕರೆ ಮಾಡಿ ಮನೆಗೆ ಬರುತ್ತೇನೆ ಎನ್ನಬಹುದು. ಆಗ ಕೂಡಲೇ ವಿಮಾನದ ಟಿಕೆಟ್ ತೆಗೆಯುವ ಬದಲು ಪೂರ್ತಿ ಕೇಳಿಸಿಕೊಂಡು, ಆ ಮಹಡಿಯ ಮಕ್ಕಳನ್ನು ನೋಡಿಕೊಳ್ಳುವ ಹಿರಿಯ ವಿದ್ಯಾರ್ಥಿ, ಅಂದರೆ ರೆಸಿಡೆಂಟ್ ಅಡ್ವೈಸರ್ ಜೊತೆ ಮಾತಾಡಿದೆಯಾ ಎಂದು ಕೇಳಿ. ರೂಮ್‌ಮೇಟ್ ಜಗಳವಾದರೂ ಮೊದಲು ಹೋಗಬೇಕಾದದ್ದು ಅಲ್ಲಿಗೇ. ಆದರೆ ಊಟ ನಿದ್ದೆ ಬಿಟ್ಟಿದ್ದಾಳೆ, ತರಗತಿಗೆ ಹೋಗುತ್ತಿಲ್ಲ, ಬದುಕಿನ ಬಗ್ಗೆ ನಿರಾಶೆಯ ಮಾತಾಡುತ್ತಿದ್ದಾಳೆ ಎಂದಾದರೆ ಕಾಯಬೇಡಿ. ನೇರವಾಗಿ ಡೀನ್ ಕಚೇರಿಗೆ ಅಥವಾ ವಸತಿ ವಿಭಾಗಕ್ಕೆ ಕರೆ ಮಾಡಿ. ಯಾವ ಕಾನೂನೂ ನಿಮ್ಮ ಮಾತನ್ನು ಅವರು ಕೇಳುವುದನ್ನು ತಡೆಯುವುದಿಲ್ಲ. ಪ್ರಾಣಾಪಾಯದ ಸಂದರ್ಭದಲ್ಲಿ ಅವರು ನಿಮಗೆ ಮಾಹಿತಿ ಕೊಡಲೂ ಫೆರ್ಪಾದಲ್ಲಿ ಅವಕಾಶವಿದೆ. ದಿನದ 24 ಗಂಟೆಯೂ ಆತ್ಮಹತ್ಯೆ ತಡೆ ಸಹಾಯವಾಣಿಯಾದ 988 ಸಂಖ್ಯೆಗೆ ಅವಳೂ ಕರೆ ಮಾಡಬಹುದು, ನೀವೂ ಮಾಡಬಹುದು.

ಅಪಾರ್ಟ್‌ಮೆಂಟ್ ವಿಷಯದಲ್ಲಿ ನಿಮ್ಮ ಪರಿಚಯದವರು ಹೇಳಿದ್ದರಲ್ಲಿ ಸ್ವಲ್ಪ ಸತ್ಯವಿದೆ. ಇಲಿನಾಯ್ ವಿಶ್ವವಿದ್ಯಾಲಯದ ಈ ಕ್ಯಾಂಪಸ್‌ನಲ್ಲಿ 30 ಕ್ರೆಡಿಟ್ (ಸುಮಾರು ಒಂದು ವರ್ಷದ ಓದು) ಮುಗಿಯುವವರೆಗೆ ಹೊಸ ವಿದ್ಯಾರ್ಥಿಗಳು ವಿಶ್ವವಿದ್ಯಾಲಯ ಒಪ್ಪಿದ ವಸತಿಯಲ್ಲೇ ಇರಬೇಕು, ಹಾಗಾಗಿ ಮೊದಲ ವರ್ಷದ ಚಿಂತೆ ಇಲ್ಲ. ಎರಡನೆಯ ವರ್ಷದ ಬಾಡಿಗೆಗೆ ಅಲ್ಲಿನ ಕಂಪನಿಗಳು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಕ್ಕಳ ಬೆನ್ನು ಹತ್ತುತ್ತವೆ. ಪರಿಚಯವಾಗಿ ಆರು ವಾರವಾದ ಸ್ನೇಹಿತರೊಂದಿಗೆ ಮುಂದಿನ ಆಗಸ್ಟ್‌ನ ಮನೆಗೆ ಸಹಿ ಮಾಡುವುದು ಅವಸರದ ಕೆಲಸವೆಂದು ನಾನು ಖಂಡಿತವಾಗಿ ಹೇಳುತ್ತೇನೆ. ನಾಲ್ವರೂ ಜಂಟಿ ಹೊಣೆಯ ಒಪ್ಪಂದಕ್ಕೆ ಸಹಿ ಮಾಡಿದ್ದರೆ, ಒಬ್ಬರು ಬಿಟ್ಟುಹೋದಾಗ ಅವರ ಪಾಲನ್ನೂ ಉಳಿದವರಿಂದ ವಸೂಲು ಮಾಡಬಹುದು. ಜಾಮೀನಿಗೆ ನಿಮ್ಮ ಸಹಿ ಇದ್ದರೆ ಆ ಹೊಣೆ ನಿಮ್ಮ ಮೇಲೆ ಬರುತ್ತದೆ. ಒಪ್ಪಂದವನ್ನು ಓದಿ ಸಲಹೆ ಕೊಡುವ, ಹೊರವಸತಿಗೆಂದೇ ಇರುವ ಕಚೇರಿ ಆ ಕ್ಯಾಂಪಸ್‌ನಲ್ಲಿದೆ. ಅವರಿಗೆ ತೋರಿಸದೆ ಸಹಿ ಮಾಡುವುದಿಲ್ಲವೆಂದು ಮಗಳಿಂದ ಈಗಲೇ ಮಾತು ತೆಗೆದುಕೊಳ್ಳಿ, ನೀವೂ ಹಾಗೆಯೇ ನಡೆದುಕೊಳ್ಳಿ.